ತಪ್ಪು ಹೇಳಿಸಿಕೊಳ್ಳುವ ಹಬ್ಬ





ಕಳೆದ ವಾರದಿಂದ ನಾವು ಬೇರೆ ಬೇರೆ ದೇಶಗಳ ಹಬ್ಬಗಳ ಬಗ್ಗೆ ಓದುತ್ತಿದ್ದೇವೆ. ಗುಂಪಿಗೆ ಬರುತ್ತಿರುವ ಫೋಟೊಗಳೆಲ್ಲ ದೀಪದವೇ: ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಜಪಾನ್. ನಿನ್ನೆ ಒಬ್ಬರು ಕೇಳಿದರು, "ಇವೆಲ್ಲ ನಮ್ಮ ದೀಪಾವಳಿ ಥರಾನೇ ಅಲ್ವಾ ಸರ್, ಹೆಸರು ಮಾತ್ರ ಬೇರೆ?"

ನೋಡಲು ಹಾಗೇ ಇವೆ. ಆದರೆ ಈ ದೀಪಗಳ ಹಿಂದೆ ಇನ್ನೊಂದು ದಿನ ಅಡಗಿದೆ. ಮಳೆಗಾಲದ ವಾಸ ಮುಗಿಸಿದ ಭಿಕ್ಷುಗಳು ಒಟ್ಟಿಗೆ ಸೇರಿ, ಒಬ್ಬೊಬ್ಬರಾಗಿ ಕೈಮುಗಿದು, "ನನ್ನಲ್ಲಿ ಏನು ತಪ್ಪು ಕಂಡಿರಿ, ಹೇಳಿ" ಎಂದು ಸಂಘವನ್ನು ಕೇಳಿಕೊಳ್ಳುವ ದಿನ. ಪಾಲಿಯಲ್ಲಿ ಅದಕ್ಕೆ ಪವಾರಣಾ ಎಂದು ಹೆಸರು, ಸಂಸ್ಕೃತದಲ್ಲಿ ಪ್ರವಾರಣಾ. ಆಹ್ವಾನ ಎಂದು ಅರ್ಥ. ಊಟಕ್ಕೆ ಕರೆಯುವಂತೆ ಟೀಕೆಗೆ ಕರೆಯುವುದು. ಲೋಕದ ಹಬ್ಬಗಳ ಪಟ್ಟಿಯಲ್ಲಿ ಇಷ್ಟು ಕಷ್ಟದ ಹಬ್ಬ ಇನ್ನೊಂದು ಇದೆಯೋ ಇಲ್ಲವೋ!

ಮೊದಲು ಮಳೆಗಾಲದ ವಾಸದ ಹಿನ್ನೆಲೆ. ಆರಂಭದ ದಿನಗಳಲ್ಲಿ ಭಿಕ್ಷುಗಳು ಮಳೆ, ಚಳಿ, ಬಿಸಿಲು ಎನ್ನದೆ ವರ್ಷವಿಡೀ ತಿರುಗಾಡುತ್ತಿದ್ದರು. ಜನ ಆಡಿಕೊಂಡರು: ಹಸಿರು ಹುಲ್ಲು ತುಳಿಯುತ್ತಾರೆ, ಸಣ್ಣ ಸಣ್ಣ ಜೀವಿಗಳು ಸಾಯುತ್ತವೆ, ಬೇರೆ ಪಂಥದ ಸನ್ಯಾಸಿಗಳೂ ಮಳೆಯಲ್ಲಿ ಒಂದೆಡೆ ನಿಲ್ಲುತ್ತಾರೆ, ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿ ಕೂರುತ್ತವೆ, ಇವರಿಗೇನಾಗಿದೆ? ಆ ದೂರು ಭಗವಾನರ ಕಿವಿಗೆ ಬಿತ್ತು, ವಸ್ಸಾವಾಸದ ನಿಯಮ ಬಂತು. ಅಂದರೆ ವಾಸ ಶುರುವಾದದ್ದೇ ಊರಿನವರು ಹೇಳಿದ ತಪ್ಪಿನಿಂದ. ಇದನ್ನು ಗಮನದಲ್ಲಿಡಿ.

ಆಷಾಢ ಹುಣ್ಣಿಮೆಯ ಮರುದಿನದಿಂದ 3 ತಿಂಗಳು ಒಂದೇ ಕಡೆ ವಾಸ. ತಂದೆ ತಾಯಿಗೆ ಕಾಯಿಲೆ ಎಂಬಂಥ ಕಾರಣವಿದ್ದರೆ 7 ದಿನದ ಮಟ್ಟಿಗೆ ಹೊರಗೆ ಹೋಗಿಬರಬಹುದು. ಆಶ್ವಯುಜ ಹುಣ್ಣಿಮೆಗೆ ಮುಕ್ತಾಯ. ಉತ್ತರ ಕರ್ನಾಟಕದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಶೀಗಿ ಹುಣ್ಣಿಮೆ, ಮಲೆನಾಡಿನವರು ಬಸುರಿ ಹೊಲಕ್ಕೆ ಬಯಕೆ ಬಡಿಸುವ ಭೂಮಿ ಹುಣ್ಣಿಮೆ ಅದೇ. ಒಂದೇ ಚಂದ್ರ, ಮಳೆ ಹಿಂದೆ ಸರಿಯುವ ಒಂದೇ ಕಾಲ.

ಈಗ ಪವಾರಣೆಯ ಹುಟ್ಟಿಗೆ ಬರೋಣ. ವಿನಯ ಪಿಟಕದ ಮಹಾವಗ್ಗದಲ್ಲಿ ಈ ಪ್ರಸಂಗ ಬರುತ್ತದೆ.

ಕೋಸಲ ದೇಶದಲ್ಲಿ ಪರಸ್ಪರ ಸ್ನೇಹಿತರಾದ ಕೆಲವು ಭಿಕ್ಷುಗಳು ಒಂದೆಡೆ ವಸ್ಸಾವಾಸ ಕೂತರು. ಮೂರು ತಿಂಗಳು ಜಗಳವಿಲ್ಲದೆ ಕಳೆಯುವುದು ಹೇಗೆ ಎಂದು ಯೋಚಿಸಿ ಒಂದು ಉಪಾಯ ಹೂಡಿದರು. ಮಾತೇ ಬೇಡ! ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಕಿ, ಕಾಲು ತೊಳೆಯಲು ನೀರಿಡಬೇಕು. ಕೊನೆಗೆ ಬಂದವನು ಬೇಕಿದ್ದರೆ ಉಳಿದದ್ದನ್ನು ಉಂಡು ಎಲ್ಲವನ್ನೂ ತೊಳೆದು ಎತ್ತಿಡಬೇಕು. ನೀರಿನ ಗಡಿಗೆ ಖಾಲಿಯಾದದ್ದು ಯಾರ ಕಣ್ಣಿಗೆ ಬಿತ್ತೋ ಅವನು ತುಂಬಬೇಕು. ಒಬ್ಬನಿಂದ ಎತ್ತಲಾಗದಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯಬೇಕು, ಬಾಯಿ ಮಾತ್ರ ತೆರೆಯಬಾರದು.

ಮೂರು ತಿಂಗಳು ಹಾಗೇ ಕಳೆಯಿತು. ಆಮೇಲೆ ಶ್ರಾವಸ್ತಿಯ ಜೇತವನಕ್ಕೆ ಬಂದರು. ಹೇಗಿದ್ದಿರಿ ಎಂದು ಭಗವಾನರು ವಿಚಾರಿಸಿದಾಗ, ಒಂದೂ ಜಗಳವಿಲ್ಲದೆ ಸುಖವಾಗಿ ಕಳೆದೆವು ಎಂದು ಹೆಮ್ಮೆಯಿಂದಲೇ ವರದಿ ಕೊಟ್ಟರು. ಹೇಗೆ ಸಾಧ್ಯವಾಯಿತು ಎಂದಾಗ ಉಪಾಯವನ್ನೂ ವಿವರಿಸಿದರು.

ಹೊಗಳಿಕೆ ಬರಲಿಲ್ಲ. ಇವರು ಕಷ್ಟದಲ್ಲೇ ಇದ್ದು ಸುಖವಾಗಿದ್ದೆವು ಎನ್ನುತ್ತಿದ್ದಾರಲ್ಲ ಎಂದರು ಭಗವಾನರು. ದನಗಳು ಒಂದೇ ಕೊಟ್ಟಿಗೆಯಲ್ಲಿ ಇರುವಂತೆ, ಕುರಿಗಳು ಒಂದೇ ಹಟ್ಟಿಯಲ್ಲಿ ಇರುವಂತೆ, ಶತ್ರುಗಳು ಒಂದೆಡೆ ಇರುವಂತೆ ಇದ್ದರು ಎಂದು ಗದರಿದರು. ಮೂಕವ್ರತವನ್ನು ನಿಷೇಧಿಸಿದರು. ಅದರ ಜಾಗದಲ್ಲೇ ಪವಾರಣೆಯನ್ನು ತಂದರು.

ಈ ಪ್ರಸಂಗವನ್ನು ಮೊದಲ ಸಲ ಓದಿದಾಗ ನನಗೆ ಸ್ವಲ್ಪ ಬೇಸರವೇ ಆಗಿತ್ತು. ಪಾಪ, ಜಗಳವಾಡದೆ ಇದ್ದರಲ್ಲ, ಅದರಲ್ಲಿ ತಪ್ಪೇನು? ಬೇಸರದ ಕಾರಣ ಆಮೇಲೆ ಹೊಳೆಯಿತು. ನನಗೊಬ್ಬ ತಮ್ಮ ಇದ್ದಾನೆ, ಊರಲ್ಲೇ ಇದ್ದು ಜಮೀನು ನೋಡಿಕೊಳ್ಳುತ್ತಾನೆ. ಅಮ್ಮ ತೀರಿಕೊಂಡ ಮೇಲೆ 11 ವರ್ಷ ನಮ್ಮಿಬ್ಬರ ನಡುವೆ ಒಂದು ಜಗಳವೂ ಆಗಿಲ್ಲ. ಮದುವೆ ಮನೆಯಲ್ಲಿ ಸಿಕ್ಕರೆ ಪಕ್ಕಪಕ್ಕದಲ್ಲೇ ಕೂತು ಉಣ್ಣುತ್ತೇವೆ. ಅವನ ಲೋಟ ಖಾಲಿಯಾದರೆ ನಾನೇ ನೀರು ಹಾಕುತ್ತೇನೆ. ಯಾರಾದರೂ ಕೇಳಿದರೆ, "ನಾವಿಬ್ಬರೂ ಚೆನ್ನಾಗಿಯೇ ಇದ್ದೇವೆ" ಎನ್ನುತ್ತಿದ್ದೆ. ಕೋಸಲದ ಭಿಕ್ಷುಗಳ ವರದಿಯೂ ಅದೇ.

ಇಲ್ಲಿ ಒಂದು ಸೂಕ್ಷ್ಮವಿದೆ, ಅಧ್ಯಯನ ಮಾಡುವವರು ಬಿಟ್ಟುಬಿಡಬಾರದು. ಮಜ್ಝಿಮ ನಿಕಾಯದ ಚೂಳಗೋಸಿಂಗ ಸುತ್ತದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳು ಬರುತ್ತಾರೆ. ಅವರ ದಿನಚರಿಯೂ ಹೆಚ್ಚುಕಡಿಮೆ ಇದೇ. ಅದೇ ಆಸನ, ಅದೇ ನೀರಿನ ಗಡಿಗೆ, ಅದೇ ಕೈಸನ್ನೆ. ಆದರೆ ಅವರನ್ನು ಭಗವಾನರು ಹೊಗಳಿದರು! ಯಾಕೆ? ಅವರು 5 ದಿನಕ್ಕೊಮ್ಮೆ ರಾತ್ರಿಯಿಡೀ ಒಟ್ಟಿಗೆ ಕೂತು ಧಮ್ಮದ ಮಾತಾಡುತ್ತಿದ್ದರು. ಹಾಲು ನೀರು ಬೆರೆತಂತೆ ಇದ್ದರು, ಒಬ್ಬರನ್ನೊಬ್ಬರು ಪ್ರೀತಿಯ ಕಣ್ಣಿಂದ ನೋಡುತ್ತಿದ್ದರು. ಹಾಗಾಗಿ ಮೌನವೇ ತಪ್ಪು ಎಂದು ಓದಿಕೊಳ್ಳಬೇಡಿ. ಮಾತು ಇದ್ದೂ ಉಕ್ಕದ ಮೌನ ಬೇರೆ, ಮಾತಾಡಿದರೆ ಏನಾದೀತೋ ಎಂದು ಬಾಯಿಗೆ ಹಾಕಿಕೊಂಡ ಬೀಗ ಬೇರೆ. ಹೊರಗಿನಿಂದ ನೋಡಿದರೆ ಎರಡರಲ್ಲೂ ಕೈಸನ್ನೆಯೇ ಕಾಣುವುದು.

ಪವಾರಣೆ ನಡೆಯುವ ಕ್ರಮ ಹೀಗೆ. ಆ ದಿನ ಪಾತಿಮೋಕ್ಖದ ಪಠಣ ಇಲ್ಲ, ಅದರ ಬದಲು ಇದೇ. ಉತ್ತರೀಯವನ್ನು ಒಂದು ಭುಜದ ಮೇಲೆ ಸರಿಪಡಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು, ಕೈಮುಗಿದು ಸಂಘವನ್ನು ಕೇಳಬೇಕು. ನೀವು ಕಂಡದ್ದು, ಕೇಳಿದ್ದು, ಅನುಮಾನ ಪಟ್ಟದ್ದು ಏನಿದ್ದರೂ ನನ್ನ ಮೇಲೆ ಕರುಣೆಯಿಟ್ಟು ಹೇಳಬೇಕು, ತಪ್ಪು ಕಂಡರೆ ತಿದ್ದಿಕೊಳ್ಳುತ್ತೇನೆ ಎಂಬುದು ಅದರ ತಾತ್ಪರ್ಯ. ಮೂರು ಸಲ ಹೇಳಬೇಕು. ಶುರು ಮಾಡುವವನು ಎಲ್ಲರಿಗಿಂತ ಹಿರಿಯ. ಕಿರಿಯವನ ಸರದಿ ಕೊನೆಗೆ.

ಹಿರಿಯನೇ ಮೊದಲು ಯಾಕೆ ಎಂದು ನಮ್ಮ ವೃತ್ತದಲ್ಲಿ ಚರ್ಚೆಯಾಗಿತ್ತು. ಮನೆಯಲ್ಲಿ, ಆಫೀಸಿನಲ್ಲಿ ನೋಡಿ, ತಪ್ಪು ಹೇಳಿಸಿಕೊಳ್ಳುವ ಕೆಲಸ ಯಾವಾಗಲೂ ಕೆಳಗಿನವರಿಗೆ. ಇಲ್ಲಿ 50 ವರ್ಷ ಚೀವರ ಉಟ್ಟವರು ನಿನ್ನೆ ಬಂದವನ ಮುಂದೆ ಮೊದಲು ಕುಕ್ಕರಿಸಬೇಕು.

'ಅನುಮಾನ ಪಟ್ಟದ್ದು' ಎಂಬುದೂ ನನಗೆ ಬಹಳ ಮುಖ್ಯವೆನಿಸುತ್ತದೆ. ಕಂಡದ್ದನ್ನು, ಕೇಳಿದ್ದನ್ನು ಹೇಳಿ ಎಂದರೆ ಸಾಕಿತ್ತಲ್ಲ? ಆದರೆ ಸಂಬಂಧಗಳನ್ನು ಕೆಡಿಸುವುದು ಬಹುಮಟ್ಟಿಗೆ ಕಂಡದ್ದಲ್ಲ, ಒಳಗೊಳಗೇ ಅನುಮಾನಿಸಿದ್ದು. ಅದಕ್ಕೂ ಬಾಗಿಲು ತೆರೆದಿಟ್ಟಿದ್ದಾರೆ.

ಒಬ್ಬ ಮುದುಕ ಭಿಕ್ಷುವಿನ ಪ್ರಸಂಗವೂ ಅಲ್ಲೇ ಇದೆ. ಎಲ್ಲರ ಪವಾರಣೆ ಮುಗಿಯುವ ತನಕ ಎಲ್ಲರೂ ಕುಕ್ಕರುಗಾಲಲ್ಲೇ ಇರಬೇಕೆಂಬ ನಿಯಮ ಮೊದಲಿತ್ತು. ವಯಸ್ಸಾಗಿ ದುರ್ಬಲರಾಗಿದ್ದ ಒಬ್ಬ ಥೇರರು ಹಾಗೆ ಕಾಯುತ್ತ ಕೂತು ಮೂರ್ಛೆ ಹೋಗಿ ಬಿದ್ದುಬಿಟ್ಟರು. ತಕ್ಷಣ ನಿಯಮ ಬದಲಾಯಿತು: ತನ್ನ ಪವಾರಣೆ ಆಗುವ ತನಕ ಕುಕ್ಕರಿಸಿದರೆ ಸಾಕು, ಆಮೇಲೆ ಆಸನದ ಮೇಲೆ ಕೂರಬಹುದು. ಮಂಡಿನೋವಿನವರಿಗೆ ಸಮಾಧಾನವಾಯಿತೇ? 😊

ಐವರು ಅಥವಾ ಹೆಚ್ಚು ಜನರಿದ್ದರೆ ಸಂಘ ಪವಾರಣೆ. ನಾಲ್ವರು, ಮೂವರು, ಇಬ್ಬರಿದ್ದರೆ ಪರಸ್ಪರ ಕೇಳಿಕೊಳ್ಳುವುದು. ಒಬ್ಬನೇ ಇದ್ದರೆ? ಅದಕ್ಕೂ ವಿಧಿ ಇದೆ. ಭಿಕ್ಷುಗಳು ಬಂದು ಸೇರುವ ಜಾಗವನ್ನು, ಅದು ಮಂಟಪವಿರಲಿ, ಮರದ ಬುಡವಿರಲಿ, ಗುಡಿಸಬೇಕು. ಕುಡಿಯಲು, ತೊಳೆಯಲು ನೀರಿಡಬೇಕು. ಆಸನ ಹಾಸಬೇಕು. ದೀಪ ಹಚ್ಚಬೇಕು. ಹಚ್ಚಿ, ಯಾರಾದರೂ ಬರುತ್ತಾರೇನೋ ಎಂದು ಕೂತು ಕಾಯಬೇಕು. ಯಾರೂ ಬರದಿದ್ದರೆ, ಇಂದು ನನ್ನ ಪವಾರಣೆ ಎಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿಕೊಳ್ಳಬೇಕು.

ಮ್ಯಾನ್ಮಾರಿನ ಲಕ್ಷ ದೀಪಗಳ ಫೋಟೊ ನೋಡುವಾಗೆಲ್ಲ ನನಗೆ ಈ ಒಂದು ದೀಪ ನೆನಪಾಗುತ್ತದೆ. ಕಾಡಿನ ಮರದಡಿ, ತನ್ನ ತಪ್ಪು ಹೇಳುವವರು ಬರಲಿ ಎಂದು ಹಚ್ಚಿಟ್ಟ ದೀಪ.

ಭಗವಾನರೂ ಇದರಿಂದ ಹೊರಗುಳಿಯಲಿಲ್ಲ. ಸಂಯುತ್ತ ನಿಕಾಯದ ಪವಾರಣಾ ಸುತ್ತದಲ್ಲಿ, ಶ್ರಾವಸ್ತಿಯ ಪೂರ್ವಾರಾಮದಲ್ಲಿ, ಮಿಗಾರಮಾತೆ ವಿಶಾಖೆ ಕಟ್ಟಿಸಿದ ಪ್ರಾಸಾದದಲ್ಲಿ, 500 ಮಂದಿ ಅರ್ಹತರ ಮಧ್ಯೆ ಬಯಲಲ್ಲಿ ಕೂತು ಅವರೇ ಕೇಳುತ್ತಾರೆ: ನನ್ನ ನಡೆಯಲ್ಲಿ, ನುಡಿಯಲ್ಲಿ ನೀವು ದೂರುವಂಥದ್ದು ಏನಾದರೂ ಇದೆಯೇ? ಸಾರಿಪುತ್ತರು ಎದ್ದು, ಇಲ್ಲ ಎನ್ನುತ್ತಾರೆ. ಆಮೇಲೆ ಸಾರಿಪುತ್ತರು ತಮ್ಮ ಬಗ್ಗೆ ಅದೇ ಪ್ರಶ್ನೆ ಕೇಳುತ್ತಾರೆ. ಉತ್ತರ ಏನೆಂದು ಎಲ್ಲರಿಗೂ ಗೊತ್ತಿದ್ದ ಸಭೆ ಅದು. ಆದರೂ ಕೇಳಿದರು.

ಸರಿ, ಇದು ಹಬ್ಬವಾದದ್ದು ಹೇಗೆ? ಮೂರು ತಿಂಗಳು ಭಿಕ್ಷುಗಳನ್ನು ಸಾಕಿದವರು ಸುತ್ತಲಿನ ಊರಿನವರು. ವಾಸ ಮುಗಿಯುವ ದಿನ ಅವರು ದಾನ ತಂದು ಸೇರದೆ ಇರುತ್ತಾರೆಯೇ? ಮಹಾವಗ್ಗದಲ್ಲೇ ಇದರ ಸುಳಿವಿದೆ. ಜನ ದಾನ ಕೊಡುತ್ತಲೇ ರಾತ್ರಿ ಹೆಚ್ಚುಕಡಿಮೆ ಕಳೆದುಹೋಗಿ, ಎಲ್ಲರೂ ಮೂರು ಸಲ ಕೇಳಲು ಹೊತ್ತೇ ಉಳಿಯದಿದ್ದರೆ, ಎರಡು ಸಲ ಅಥವಾ ಒಂದೇ ಸಲ ಕೇಳಿದರೂ ಆದೀತು ಎಂಬ ವಿನಾಯಿತಿ ಕೊಟ್ಟಿದ್ದಾರೆ. ಹಬ್ಬದ ಸಡಗರ ದೊಡ್ಡದಾದಂತೆ ಪ್ರಶ್ನೆ ಚಿಕ್ಕದಾಗುವುದು ಆಗಲೇ ಶುರುವಾಗಿತ್ತು! ಇದು ನನ್ನ ಓದು, ಒಪ್ಪದವರು ಸಂಜೆ ವಾದಿಸಿ.

ದೀಪಗಳಿಗೆ ಇನ್ನೊಂದು ಕಥೆಯೂ ಸೇರಿತು. ಭಗವಾನರು ಒಂದು ವಸ್ಸಾವಾಸವನ್ನು ತಾವತಿಂಸ ಲೋಕದಲ್ಲಿ ಕಳೆದು, ಅಲ್ಲಿದ್ದ ತಾಯಿಗೆ ಅಭಿಧಮ್ಮ ಬೋಧಿಸಿ, ಪವಾರಣೆಯ ದಿನ ಸಂಕಸ್ಸ ಎಂಬಲ್ಲಿ ಇಳಿದುಬಂದರು ಎಂದು ಅಟ್ಠಕಥೆಯ ಪರಂಪರೆ ಹೇಳುತ್ತದೆ. ಉತ್ತರ ಪ್ರದೇಶದ ಸಂಕಿಸಾ ಅದೇ ಜಾಗವೆಂದು ಗುರುತಿಸುತ್ತಾರೆ. ಇಳಿದುಬರುವವರಿಗೆ ದಾರಿ ಬೆಳಗಿಸುವುದು ಜನರ ದೀಪದ ಅರ್ಥವಾಯಿತು.

ಮ್ಯಾನ್ಮಾರಿನಲ್ಲಿ ಇದೇ ತದಿಂಜುಟ್ ಹಬ್ಬ. ಹುಣ್ಣಿಮೆ, ಅದರ ಹಿಂದಿನ ದಿನ, ಮುಂದಿನ ದಿನ, ಒಟ್ಟು ಮೂರು ದಿನ. ಪಗೋಡದ ಸುತ್ತ, ಮನೆಯ ಮುಂದೆ, ಬಾಲ್ಕನಿಯಲ್ಲಿ ಮೇಣದ ಬತ್ತಿಗಳ ಸಾಲು. ವಸ್ಸಾವಾಸದ ಮೂರು ತಿಂಗಳು ಅಲ್ಲಿ ಮದುವೆ ಮಾಡುವುದಿಲ್ಲ, ನಮ್ಮ ಆಷಾಢದ ಹಾಗೆ. ಹಾಗಾಗಿ ತದಿಂಜುಟ್ ಕಳೆದರೆ ಮದುವೆಗಳ ಸುಗ್ಗಿ. ಆದರೆ ನಮಗೆ ಬೇಕಾದ್ದು ಮನೆಯೊಳಗೆ ನಡೆಯುವುದು. ಮಕ್ಕಳು, ಕಿರಿಯರು ಹಣ್ಣು, ತಿಂಡಿ, ಬಟ್ಟೆ ಹಿಡಿದು ತಂದೆ ತಾಯಿ, ಅಜ್ಜ ಅಜ್ಜಿ, ಮೇಷ್ಟ್ರ ಮನೆಗೆ ಹೋಗುತ್ತಾರೆ. ನೆಲಕ್ಕೆ ತಲೆಬಾಗಿ, ಕಾಯಾ ವಾಚಾ ಮನಸಾ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಹಿರಿಯರು ಹರಸುತ್ತಾರೆ, ಮಕ್ಕಳ ಕೈಗೆ ಒಂದಿಷ್ಟು ದುಡ್ಡನ್ನೂ ಇಡುತ್ತಾರೆ. ಇದಕ್ಕೆ ಗದೋ ಎನ್ನುತ್ತಾರೆ.

ಬಹಳ ಚೆಂದದ ಆಚರಣೆ. ಒಂದು ಮಾತು ಮಾತ್ರ ಹೇಳಬೇಕು, ಇಲ್ಲಿ ದಿಕ್ಕು ತಿರುವಿದೆ. ಪವಾರಣೆಯಲ್ಲಿ ಹಿರಿಯ ಮೊದಲು ಬಾಗುತ್ತಾನೆ, ಗದೋದಲ್ಲಿ ಬಾಗುವವರು ಕಿರಿಯರು. ಇನ್ನೂ ಒಂದು ವ್ಯತ್ಯಾಸ: ಕ್ಷಮೆ ಕೇಳುವಾಗ ನನ್ನ ತಪ್ಪು ಏನೆಂದು ನನಗೆ ಗೊತ್ತು ಅಂತಲೇ ಲೆಕ್ಕ. ನನಗೆ ಗೊತ್ತೇ ಇಲ್ಲದ ತಪ್ಪು ಎದುರಿಗಿರುವವರಿಗೆ ಗೊತ್ತಿದೆ, ಅದನ್ನು ಕೇಳೋಣ ಎಂಬ ಭಾವ ಕ್ಷಮೆಯಲ್ಲಿ ಇರಲೇಬೇಕೆಂದಿಲ್ಲ. ನಮ್ಮ ಜೈನ ಬಂಧುಗಳ ಕ್ಷಮಾವಣಿಯ ಬಗ್ಗೆಯೂ, ಅದರ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡೇ, ನನಗೆ ಹೀಗೇ ಅನಿಸುತ್ತದೆ. ಈಚೆಗೆ ಒಂದೇ ಕ್ಷಮೆಯ ಮೆಸೇಜು ನೂರು ಜನಕ್ಕೆ ಫಾರ್ವರ್ಡ್ ಆಗುವುದನ್ನು ನೀವೂ ನೋಡಿರುತ್ತೀರಿ. ಫಾರ್ವರ್ಡ್ ಬಗ್ಗೆ ಮಾತಾಡಲು ನಮಗೂ ಬಾಯಿಲ್ಲ ಬಿಡಿ!

ಥಾಯ್ಲೆಂಡಿನ ಓಕ್ ಫನ್ಸಾದಲ್ಲಿ ಸ್ವರ್ಗದಿಂದ ಇಳಿದ ಕಥೆಯೇ ಮುಂದೆ. ಉಥಾಯ್ ಥಾನಿ ಎಂಬ ಊರಲ್ಲಿ ಬೆಟ್ಟದ ಮೇಲಿನ ವಿಹಾರದಿಂದ ಭಿಕ್ಷುಗಳ ಉದ್ದನೆಯ ಸಾಲು ಮೆಟ್ಟಿಲಿಳಿದು ಬರುತ್ತದೆ, ಕೆಳಗೆ ಜನ ಅನ್ನ ಹಿಡಿದು ಕಾಯುತ್ತಾರೆ. ಮೆಕಾಂಗ್ ನದಿಯಲ್ಲಿ ಥಾಯ್ಲೆಂಡಿನ ನಖೋನ್ ಫನೋಮ್ ಊರಿನವರು ದೀಪದ ದೊಡ್ಡ ದೊಡ್ಡ ದೋಣಿಗಳನ್ನು ತೇಲಿಬಿಡುತ್ತಾರೆ. ಲಾವೋಸಿನಲ್ಲೂ ಹಾಗೇ, ಮರುದಿನ ವಿಯೆಂಟಿಯಾನ್‌ನಲ್ಲಿ ದೋಣಿ ಓಟ.

ಜಪಾನಿನ ಓಬೋನ್ ಇನ್ನೊಂದು ಕವಲು. ಪೂರ್ವ ಏಷ್ಯಾದಲ್ಲಿ ಬೇಸಿಗೆಯ ವಾಸ 4ನೇ ಚಾಂದ್ರಮಾಸದ ಹುಣ್ಣಿಮೆಯಿಂದ 7ನೇ ಮಾಸದ ಹುಣ್ಣಿಮೆಯ ತನಕ. ಆ ಕೊನೆಯ ದಿನವೇ ಅಲ್ಲಿನ ಪ್ರವಾರಣೆ. ಉಲ್ಲಂಬನ ಸೂತ್ರದ ಪ್ರಕಾರ, ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಗೆ ಮೌದ್ಗಲ್ಯಾಯನರು ಅನ್ನ ಕೊಟ್ಟರೆ ಅದು ಬಾಯಿ ಮುಟ್ಟುವ ಮುನ್ನವೇ ಕೆಂಡವಾಯಿತು. ಪ್ರವಾರಣೆಯ ದಿನ ಸೇರಿದ ಸಂಘಕ್ಕೆ ದಾನ ಮಾಡು, ತಾಯಿಗೆ ಬಿಡುಗಡೆಯಾಗುತ್ತದೆ ಎಂದು ಭಗವಾನರು ಸೂಚಿಸಿದರು. ಅದೇ ದಿನ ಯಾಕೆಂದರೆ, ತಮ್ಮ ತಪ್ಪುಗಳನ್ನೆಲ್ಲ ಹೇಳಿಸಿಕೊಂಡು ತೊಳೆದ ಬಟ್ಟೆಯಂತಾದ ಸಂಘ ಅದು. ಈಗ ಜಪಾನಿನ ಬಹುಭಾಗದಲ್ಲಿ ಓಬೋನ್ ಆಗಸ್ಟ್ 13ರಿಂದ 16. ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡಿಡುತ್ತಾರೆ. ಸತ್ತ ಹಿರಿಯರು ಬರುವಾಗ ಕುದುರೆ ಏರಿ ಬೇಗ ಬರಲಿ, ಹೋಗುವಾಗ ಹಸುವಿನ ಮೇಲೆ ನಿಧಾನವಾಗಿ ಹೋಗಲಿ. ಎಷ್ಟು ಪ್ರೀತಿ ನೋಡಿ! 16ರ ರಾತ್ರಿ ಕ್ಯೋಟೋ ಸುತ್ತಲಿನ 5 ಬೆಟ್ಟಗಳಲ್ಲಿ ಬೆಂಕಿ ಹೊತ್ತಿಸಿ ಅವರನ್ನು ಬೀಳ್ಕೊಡುತ್ತಾರೆ.

ಸತ್ತವರನ್ನು ಇಷ್ಟು ಅಕ್ಕರೆಯಿಂದ ಕರೆಯುತ್ತೇವೆ. ಬದುಕಿರುವವರನ್ನು ಕರೆದು ಕೇಳುವುದು ಮಾತ್ರ ಕಷ್ಟ. ನಮ್ಮ ಸಂಕ್ರಾಂತಿಯಲ್ಲಿ ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುತ್ತೇವಲ್ಲ, ಅದು ಸುಲಭ. ಪವಾರಣೆಯಲ್ಲಿ ಬೆಲ್ಲ ಇಲ್ಲ.

ಹಾಗೆಂದು ಬಾಯಿಗೆ ಬಂದದ್ದು ಹೇಳುವ ಪರವಾನಗಿ ಇದಲ್ಲ. ಹೇಳುವವನಿಗೆ ಭಗವಾನರು ಐದು ಅಳತೆ ಕೊಟ್ಟಿದ್ದಾರೆ: ಸರಿಯಾದ ಹೊತ್ತು ನೋಡಿ ಹೇಳಬೇಕು, ನಿಜವನ್ನೇ ಹೇಳಬೇಕು, ಮೃದುವಾಗಿ ಹೇಳಬೇಕು, ಕೇಳುವವನಿಗೆ ಉಪಯೋಗವಾಗುವಂತೆ ಹೇಳಬೇಕು, ದ್ವೇಷವಿಲ್ಲದೆ ಮೈತ್ರಿಯಿಂದ ಹೇಳಬೇಕು. ಐದರಲ್ಲಿ ನನಗೆ ಯಾವಾಗಲೂ ಕೈಕೊಡುವುದು ಮೊದಲನೆಯದೇ.

ಕಳೆದ ವರ್ಷ ಆಶ್ವಯುಜ ಹುಣ್ಣಿಮೆಯಂದು ನಮ್ಮ ವೃತ್ತದ 9 ಜನ ಇದನ್ನು ಪ್ರಯತ್ನಿಸಿದ್ದೆವು, ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ವಯಸ್ಸಿನಲ್ಲಿ ಹಿರಿಯ ನಾನು, ಮೊದಲು ಕೇಳಿದೆ. ಎಲ್ಲರೂ ಹೊಗಳಿದರು. ಒಬ್ಬರು, ನಿಮ್ಮ ಮೆಸೇಜು ಸ್ವಲ್ಪ ಉದ್ದ ಎಂದರು, ಎಲ್ಲರೂ ನಕ್ಕರು. ಎರಡನೆಯ ಸಲ ಕೇಳಿದೆ, ಮೌನ. ಮೂರನೆಯ ಸಲ ಕೇಳಿದಾಗ ನಮ್ಮಲ್ಲೇ ಚಿಕ್ಕವನು ತಲೆ ತಗ್ಗಿಸಿಕೊಂಡು ಹೇಳಿದ: "ಸರ್, ನಾನು ಪ್ರಶ್ನೆ ಮುಗಿಸೋ ಮೊದಲೇ ನೀವು ಉತ್ತರ ಕೊಡ್ತೀರಿ. ಅದಕ್ಕೇ ಕೇಳೋದನ್ನ ಬಿಟ್ಟೆ." ಕಿವಿ ಬಿಸಿಯಾಯಿತು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಅವನು ಹೇಳಿದ ತಪ್ಪೇ ಅದು ಎಂದು ಹೊಳೆದು ನುಂಗಿಕೊಂಡೆ. ಮೂರು ಸಲ ಯಾಕೆ ಕೇಳಬೇಕು ಎಂಬುದೂ ಅವತ್ತೇ ತಿಳಿಯಿತು. ಮೊದಲ ಎರಡು ಸಲ ಯಾರೂ ನಂಬುವುದಿಲ್ಲ.

ಆ ರಾತ್ರಿ ಮನೆಗೆ ಬಂದು ತಮ್ಮನಿಗೆ ಫೋನು ಮಾಡಬೇಕು ಅಂದುಕೊಂಡೆ. ಮಾಡಲಿಲ್ಲ. ಹತ್ತು ತಿಂಗಳು ಹಿಡಿಯಿತು. ಮೊನ್ನೆ ಶ್ರಾವಣದಲ್ಲಿ ಒಂದು ಭಾನುವಾರ ಮಾಡಿದೆ. ಮಳೆ, ಬೆಳೆ ಎಲ್ಲ ಮಾತಾಡಿ, "ನನ್ನಿಂದ ನಿನಗೆ ಬೇಜಾರಾಗಿದ್ದು ಏನಾದ್ರೂ ಇದ್ರೆ ಹೇಳು" ಎಂದೆ. "ಅಂಥದ್ದೇನಿಲ್ಲ ಬಿಡಣ್ಣ" ಎಂದ. ಇನ್ನೊಮ್ಮೆ ಕೇಳಿದೆ. "ಈಗ್ಯಾಕೆ ಅದೆಲ್ಲ?" ಎಂದ. ಮೂರನೆಯ ಸಲ ಕೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಫೋನು ಕಟ್ಟಾಯಿತೇನೋ ಎಂದು ನೋಡಿದೆ. ಆಮೇಲೆ ಹೇಳಿದ: "ಅಮ್ಮ ಹಾಸಿಗೆ ಹಿಡಿದಾಗ ನೀನು ದುಡ್ಡು ಕಳಿಸ್ದೆ, ಇಲ್ಲ ಅನ್ನಲ್ಲ. ಆದ್ರೆ ಅವಳು ಹೋದ ಮೇಲೆ ಎಲ್ಲರ ಮುಂದೆ, ಇನ್ನೂ ಚೆನ್ನಾಗಿ ನೋಡ್ಕೋಬಹುದಿತ್ತು ಅಂದ್ಯಲ್ಲ. ನಾಲ್ಕು ತಿಂಗಳು ರಾತ್ರಿ ಎದ್ದು ಮಗ್ಗುಲು ತಿರುಗಿಸಿದವನು ನಾನು."

ಆ ಮಾತು ನಾನು ಆಡಿದ್ದೇ ನನಗೆ ನೆನಪಿರಲಿಲ್ಲ.

ತಪ್ಪಾಯ್ತು ಎಂದೆ. ಅವನು ಒಂದು ಕ್ಷಣ ಬಿಟ್ಟು, "ಇನ್ನೂ ಇದಾವೆ. ಫೋನಲ್ಲಿ ಬೇಡ. ಶೀಗಿ ಹುಣ್ಣಿಮೆಗೆ ಬಾ, ಹೊಲದಲ್ಲಿ ಕೂತು ಹೇಳ್ತೀನಿ" ಎಂದ.

ಇವತ್ತು ಸಂಜೆಯ ಬಸ್ಸಿಗೆ ಹೊರಟಿದ್ದೇನೆ. ಮೂರು ದಿನ ಗುಂಪಿಗೆ ಚಿಂತನೆ ಕಳಿಸುವುದು ನಮ್ಮ ಆ ಚಿಕ್ಕ ಗೆಳೆಯ. ನಾಳೆ ಕಠಿನ ಚೀವರದಾನದ ಬಗ್ಗೆ ಬರೆಯುತ್ತಾನೆ, ಪ್ರಶ್ನೆಗಳಿದ್ದರೆ ಅವನನ್ನೇ ಕೇಳಿ.

ಭವತು ಸಬ್ಬ ಮಂಗಲಂ 🙏